ಇಂಗ್ಲಿಷ್ ಪಾಠವೂ ವಿದ್ಯಾರ್ಥಿಗಳ ತರತಮವೂ

ಕಾಲೇಜಿನ ಮೊದಲನೆಯ ವರ್ಷದ ಇಂಗ್ಲಿಷ್ ತರಗತಿಯೊಂದನ್ನು ಶ್ರೋತೃಗಳು ಮನಸ್ಸಿಗೆ ತಂದುಕೊಳ್ಳಬೇಕು. ಕೊಠಡಿಯಲ್ಲಿ ಎಂಬತ್ತು ಮಂದಿ ವಿದ್ಯಾರ್ಥಿಗಳು ಕುಳಿತಿದ್ದಾರೆ. ಅವರ ಕೈಯಲ್ಲಿರುವ ಪುಸ್ತಕವು ಒಂದೇ. ತೆರೆದಿರುವ ಪುಟವೂ ಒಂದೇ. ಎದುರಿಗೆ ನಿಂತಿರುವ ಅಧ್ಯಾಪಕನೂ ಒಬ್ಬನೇ. ಮುಂದಿನ ಸಾಲಿನಲ್ಲಿರುವ ಹುಡುಗಿಯು ಶಿಶುವಿಹಾರದಿಂದ ಮೊದಲುಗೊಂಡು ಇಂಗ್ಲಿಷಿನಲ್ಲಿಯೇ ಓದಿ ಬಂದವಳು; ಅವಳ ಮನೆಗೆ ದಿನವೂ ಇಂಗ್ಲಿಷ್ ಪತ್ರಿಕೆ ಬರುತ್ತದೆ. ಕೊನೆಯ ಸಾಲಿನಲ್ಲಿರುವ ಹುಡುಗನು ಹಳ್ಳಿಯ ಶಾಲೆಯಲ್ಲಿ ಕನ್ನಡದ ಮೂಲಕ ಓದಿ, ಗಣಿತದಲ್ಲಿಯೂ ಚರಿತ್ರೆಯಲ್ಲಿಯೂ ಒಳ್ಳೆಯ ಅಂಕಗಳನ್ನು ಪಡೆದು ಬಂದವನು. ಇಂಗ್ಲಿಷನ್ನು ಮಾತ್ರ ಪಾಠಪುಸ್ತಕದ ಹೊರಗೆ ಕಂಡವನಲ್ಲ. ಗಂಟೆ ಬಾರಿಸಿದೊಡನೆ ಇಬ್ಬರೂ ಎದ್ದು ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಒಂದೇ ಗುರುತು ಬಿದ್ದಿರುತ್ತದೆ. ಆದರೆ ಆ ಒಂದು ಗಂಟೆಯಲ್ಲಿ ಅವಳಿಗೆ ತಿಳಿದಿದ್ದುದನ್ನೇ ತಿಳಿಸಿದಂತಾಯಿತು. ಅವನಿಗೆ ಏನನ್ನೂ ತಿಳಿಸಿದಂತಾಗಲಿಲ್ಲ.

ಎಲ್ಲರಿಗೂ ಒಂದೇ ಪಾಠವನ್ನು ಒಂದೇ ರೀತಿಯಲ್ಲಿ ಹೇಳುವುದು ನ್ಯಾಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಪಂಕ್ತಿಭೇದ ಮಾಡಬಾರದೆಂಬುದು ನಮ್ಮಲ್ಲಿ ಹಿರಿಯರು ಹೇಳಿಕೊಟ್ಟ ಮಾತು. ಆದರೆ ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬನಿಗೆ ಇನ್ನೂ ಹಲ್ಲು ಬಂದಿಲ್ಲದಿದ್ದರೆ, ಅವನ ಎಲೆಗೂ ಚಕ್ಕುಲಿಯನ್ನೇ ಬಡಿಸಿ ನ್ಯಾಯವಾಯಿತೆಂದು ಹೇಳಬಹುದೆ? ವಿದ್ಯಾರ್ಥಿಯು ಈ ದಿನ ಎಲ್ಲಿ ನಿಂತಿದ್ದಾನೆಂಬುದನ್ನು ನೋಡಿಕೊಂಡು, ಅಲ್ಲಿಂದ ಅವನನ್ನು ಮುಂದಕ್ಕೆ ಕರೆದೊಯ್ಯುವ ಕ್ರಮವೊಂದುಂಟು. ಅದನ್ನು ಅನುಗುಣ ಬೋಧನೆ ಎಂದು ಕರೆಯೋಣ. ಆ ಕ್ರಮವೆಂದರೇನು, ಅದರಿಂದ ವಿದ್ಯಾರ್ಥಿಗಳ ಕಲಿಕೆಗೆ ನಿಜವಾಗಿ ಎಷ್ಟು ಪ್ರಯೋಜನ, ಅದರಲ್ಲಿರುವ ಅಪಾಯವೇನು ಎಂಬ ಮೂರು ವಿಷಯಗಳನ್ನು ಈ ಭಾಷಣದಲ್ಲಿ ವಿಚಾರಮಾಡುತ್ತೇವೆ.

ಮೊದಲು ಆ ಒಂದು ಪುಟವು ಇಬ್ಬರಿಗೂ ಒಂದೇ ಪುಟವಲ್ಲವೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. ಓದುವವನಿಗೆ ಎಷ್ಟು ಪದಗಳು ಗೊತ್ತಿದ್ದರೆ ಅರ್ಥವು ಕೈಗೆ ಸಿಕ್ಕುತ್ತದೆ ಎಂಬ ಪ್ರಶ್ನೆಯನ್ನು ನ್ಯೂಜಿಲೆಂಡಿನ ವಿದ್ವಾಂಸರಾದ ಪಾಲ್ ನೇಶನ್ ಅವರು ಬಹುಕಾಲ ಪರಿಶೀಲಿಸಿದವರು. ಅವರೂ ಹೂ ಎಂಬ ಸಹೋದ್ಯೋಗಿಯೂ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಕಥೆಯ ಕೆಲವು ಪದಗಳನ್ನು ತೆಗೆದು ಅವುಗಳ ಜಾಗದಲ್ಲಿ ಅರ್ಥವಿಲ್ಲದ ಪದಗಳನ್ನಿಟ್ಟು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ನೂರಕ್ಕೆ 80 ಪದಗಳು ಮಾತ್ರ ತಿಳಿದಿದ್ದವರಲ್ಲಿ ಒಬ್ಬರಿಗೂ ಕಥೆಯು ಸರಿಯಾಗಿ ಅರ್ಥವಾಗಲಿಲ್ಲ. ಯಾರ ಸಹಾಯವೂ ಇಲ್ಲದೆ ಸುಖವಾಗಿ ಓದಬೇಕಾದರೆ ನೂರಕ್ಕೆ ಸುಮಾರು 98 ಪದಗಳು ಪರಿಚಿತವಾಗಿರಬೇಕೆಂದು ಅವರು ನಿರ್ಣಯಿಸಿದರು. ಈಗ ನಮ್ಮ ತರಗತಿಗೆ ಬರೋಣ. ಪುಟದಲ್ಲಿ 300 ಪದಗಳಿವೆಯೆಂದು ಇಟ್ಟುಕೊಂಡರೆ, ನೂರಕ್ಕೆ 98 ಪದಗಳನ್ನು ಬಲ್ಲ ಹುಡುಗಿಗೆ ಎಡರುವ ಪದಗಳು ಆರು. ನೂರಕ್ಕೆ 90 ಪದಗಳನ್ನು ಬಲ್ಲ ಹುಡುಗನಿಗೆ ಮೂವತ್ತು. ಆರು ಕಲ್ಲುಗಳಿರುವ ದಾರಿಯಲ್ಲಿ ನಡೆಯಬಹುದು. ಮೂವತ್ತು ಕಲ್ಲುಗಳಿರುವ ದಾರಿಯಲ್ಲಿ ನಡೆಯುವವನ ದೃಷ್ಟಿಯೆಲ್ಲವೂ ಕಲ್ಲುಗಳ ಮೇಲೆಯೇ ಇರುತ್ತದೆ. ದಾರಿಯು ಎಲ್ಲಿಗೆ ಹೋಗುತ್ತಿದೆಯೆಂದು ನೋಡುವುದಕ್ಕೆ ಅವನಿಗೆ ಬಿಡುವಿಲ್ಲ. ಅಂಥವನು ಅರ್ಥಮಾಡಿಕೊಳ್ಳುವ ಆಸೆಯನ್ನು ಬಿಟ್ಟು, ಅಂಗಡಿಯಲ್ಲಿ ದೊರೆಯುವ ಗೈಡಿನ ಉತ್ತರಗಳನ್ನು ಬಾಯಿಪಾಠಮಾಡುತ್ತಾನೆ. ಅದು ಸೋಮಾರಿತನವೆಂದು ನಾವು ದೂರುತ್ತೇವೆ. ವಾಸ್ತವವಾಗಿ ಅವನು ತನಗೆ ಉಳಿದಿದ್ದ ಒಂದೇ ದಾರಿಯನ್ನು ಹಿಡಿದಿದ್ದಾನೆ.

ಶಕ್ತಿಗೆ ತಕ್ಕಂತೆ ಕಲಿಸುವುದು ಹೊಸ ಸಂಗತಿಯೇನೂ ಅಲ್ಲ. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಇಂದಿನಂತೆ ತರಗತಿಗಳ ವಿಭಾಗವಿರಲಿಲ್ಲ. ಐಗಳ ಮುಂದಿನ ಜಗಲಿಯ ಮೇಲೆ ಒಬ್ಬ ಹುಡುಗನು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದನು. ಪಕ್ಕದವನು ಮಗ್ಗಿ ಹೇಳುತ್ತಿದ್ದನು. ಇನ್ನೊಬ್ಬನು ಅಮರವನ್ನು ಒಪ್ಪಿಸುತ್ತಿದ್ದನು. ಅಕ್ಷರ ಕೈಗೆ ಹತ್ತಿದವನು ಮುಂದಕ್ಕೆ ಹೋಗುತ್ತಿದ್ದನು. ಹತ್ತದವನು ಹತ್ತುವವರೆಗೂ ತಿದ್ದುತ್ತಿದ್ದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು 1823ರಲ್ಲಿ ಕಳುಹಿಸಿದ ವರದಿಯ ಪ್ರಕಾರ ಆ ಜಿಲ್ಲೆಯಲ್ಲಿ 533 ಪಾಠಶಾಲೆಗಳೂ 6,641 ಮಂದಿ ವಿದ್ಯಾರ್ಥಿಗಳೂ ಇದ್ದರು. ಅವುಗಳಲ್ಲಿ 235 ಕನ್ನಡದ ಶಾಲೆಗಳು. ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳಂತಾಯಿತು. ಅಲ್ಲಿನ ಬೋಧನೆಯಲ್ಲಿ ಆತನು ಕಂಡ ಕೊರತೆಗಳು ಬಹಳ. ಆದರೆ ಮುಂದುವರಿದ ಹುಡುಗರು ಹಿಂದುಳಿದವರಿಗೆ ಹೇಳಿಕೊಟ್ಟು, ಅದರಿಂದ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಮಾತ್ರ ಆತನು ಮನಸಾರೆ ಹೊಗಳಿದನು. ಇಂಥದೇ ಪದ್ಧತಿಯನ್ನು ಮದರಾಸಿನಲ್ಲಿ ನಡೆಸಿ ನೋಡಿದ ಆಂಡ್ರೂ ಬೆಲ್ ಎಂಬ ಪಾದ್ರಿಯು 1797ರಲ್ಲಿ ಅದರ ವಿವರವನ್ನು ಇಂಗ್ಲೆಂಡಿನಲ್ಲಿ ಅಚ್ಚುಹಾಕಿಸಿದ್ದನು.

ಕೂಲಿಮಠವನ್ನು ಹೀಗೆ ಹೊಗಳಿ ಸುಮ್ಮನಾಗುವುದು ಸರಿಯಲ್ಲ. ಆ ಜಗಲಿಯನ್ನು ಹತ್ತುವ ಭಾಗ್ಯವಿಲ್ಲದ ಮಕ್ಕಳೇ ನಾಡಿನಲ್ಲಿ ಹೆಚ್ಚಾಗಿದ್ದರು. ನಮ್ಮ ಶಾಸ್ತ್ರಗಳಲ್ಲಿ ಅಧಿಕಾರಭೇದವೆಂಬ ಮಾತುಂಟು. ಕೇಳುವವನ ಯೋಗ್ಯತೆಯನ್ನು ನೋಡಿ ಹೇಳಬೇಕೆಂದು ಅದರ ಒಳ್ಳೆಯ ಅರ್ಥ. ಆದರೆ ಯೋಗ್ಯತೆಯನ್ನು ಹುಟ್ಟಿನಿಂದ ಅಳೆದಾಗ ಅದೇ ಮಾತು ಬಾಗಿಲು ಹಾಕುವ ಅಗುಳಿಯಾಯಿತು. ಅನುಗುಣ ಬೋಧನೆಯ ಗುಣವೂ ಅಪಾಯವೂ ಈ ಒಂದು ಮಾತಿನಲ್ಲಿ ಅಡಗಿವೆ. ವಿದ್ಯಾರ್ಥಿಯು ಇಂದು ಎಲ್ಲಿದ್ದಾನೆ ಎಂಬುದು ಒಂದು ಪ್ರಶ್ನೆ. ಅವನು ಎಂಥವನು ಎಂಬುದು ಬೇರೆ ಪ್ರಶ್ನೆ. ಮೊದಲನೆಯದನ್ನು ಅಧ್ಯಾಪಕನು ದಿನವೂ ಕೇಳಬೇಕು. ಎರಡನೆಯದಕ್ಕೆ ಉತ್ತರ ಹೇಳುವ ಅಧಿಕಾರ ಅವನಿಗಿಲ್ಲ.

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಏರ್ಪಟ್ಟುವು; 1916ರಲ್ಲಿ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವು ಹುಟ್ಟಿತು. ಬಹುಮಂದಿಗೆ ಒಬ್ಬನ ಉಪನ್ಯಾಸ, ವರ್ಷಾಂತ್ಯದಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ, ಇದು ಕಾಲೇಜಿನ ಕ್ರಮವಾಯಿತು. ಬರುವವರು ಕೆಲವೇ ಮಂದಿಯಾಗಿ, ಅವರ ಸಿದ್ಧತೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದಾಗ ಈ ಕ್ರಮವು ಹೇಗೋ ನಡೆಯಿತು. ಇಂದು ಕಾಲೇಜಿನ ಬಾಗಿಲು ಅಗಲವಾಗಿದೆ. ಅದು ಸಂತೋಷದ ವಿಷಯ. ಒಳಗೆ ಬಂದವರನ್ನು ನಡೆಸಿಕೊಂಡು ಹೋಗುವ ಕ್ರಮ ಮಾತ್ರ ಹಳೆಯದಾಗಿಯೇ ಉಳಿದಿದೆ.

ಈ ಸಮಸ್ಯೆಗೆ ನಮ್ಮ ಕಾಲದಲ್ಲಿ ಕ್ರಮಬದ್ಧವಾದ ಉತ್ತರವನ್ನು ಕೊಟ್ಟವರಲ್ಲಿ ಅಮೆರಿಕೆಯ ವರ್ಜೀನಿಯ ವಿಶ್ವವಿದ್ಯಾನಿಲಯದ ಕ್ಯಾರಲ್ ಆನ್ ಟಾಮ್ಲಿನ್ಸನ್ ಅವರು ಮುಖ್ಯರು. ಅವರ ಪ್ರಸಿದ್ಧ ಗ್ರಂಥವು 1999ರಲ್ಲಿ ಹೊರಬಂದಿತು. ಅಧ್ಯಾಪಕನು ನಾಲ್ಕು ಕಡೆಗಳಲ್ಲಿ ವ್ಯತ್ಯಾಸಮಾಡಬಹುದೆಂದು ಅವರು ಹೇಳುತ್ತಾರೆ: ಕಲಿಯುವ ವಸ್ತುವಿನಲ್ಲಿ, ಕಲಿಯುವ ದಾರಿಯಲ್ಲಿ, ಕಲಿತುದನ್ನು ತೋರಿಸುವ ರೂಪದಲ್ಲಿ, ತರಗತಿಯ ಏರ್ಪಾಡಿನಲ್ಲಿ. ವಿದ್ಯಾರ್ಥಿಯ ಸಿದ್ಧತೆ, ಅವನ ಆಸಕ್ತಿ, ಅವನು ಕಲಿಯುವ ಬಗೆ, ಇವುಗಳನ್ನು ನೋಡಿ ವ್ಯತ್ಯಾಸಗಳನ್ನು ಗೊತ್ತುಮಾಡಬೇಕು. ಇವುಗಳಲ್ಲಿ ಸಿದ್ಧತೆಯೇ ನಮ್ಮ ದೃಷ್ಟಿಯಲ್ಲಿ ಪ್ರಧಾನವಾದುದು. ಕಲಿಯುವ ಬಗೆಯೆಂಬ ಮಾತನ್ನು ಹಿಡಿದು, ಇವನು ಕಣ್ಣಿನಿಂದ ಕಲಿಯುವವನು, ಅವನು ಕಿವಿಯಿಂದ ಕಲಿಯುವವನು ಎಂದು ವಿದ್ಯಾರ್ಥಿಗಳನ್ನು ವಿಂಗಡಿಸುವ ಪದ್ಧತಿಯೊಂದು ಬಳಕೆಗೆ ಬಂದಿತು. ಪ್ಯಾಷ್ಲರ್ ಮೊದಲಾದ ನಾಲ್ವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಇದರ ಆಧಾರಗಳನ್ನು ಪರಿಶೀಲಿಸಿ, ಹಾಗೆ ವಿಂಗಡಿಸಿ ಕಲಿಸಿದರೆ ಕಲಿಕೆಯು ಹೆಚ್ಚುತ್ತದೆಂಬುದಕ್ಕೆ ತಕ್ಕ ಸಾಕ್ಷ್ಯವಿಲ್ಲವೆಂದು ತೋರಿಸಿದರು. ಆದಕಾರಣ ಆ ಭಾಗವನ್ನು ಬಿಟ್ಟುಬಿಡುವುದೇ ಮೇಲು.

ಇಷ್ಟನ್ನು ಕೇಳಿದ ಅಧ್ಯಾಪಕ ಮಿತ್ರರು, ಎಂಬತ್ತು ಮಂದಿಗೆ ಎಂಬತ್ತು ಪಾಠಗಳನ್ನು ಹೇಳುವುದು ಸಾಧ್ಯವೆ ಎಂದು ಕೇಳಬಹುದು. ಸಾಧ್ಯವಲ್ಲ, ಅವಶ್ಯವೂ ಅಲ್ಲ. ಎಲ್ಲರೂ ಸೇರಬೇಕಾದ ಸ್ಥಳವು ಒಂದೇ ಆಗಿರಬೇಕು. ಅಲ್ಲಿಗೆ ಹತ್ತುವ ಮೆಟ್ಟಿಲುಗಳು ಮಾತ್ರ ಎರಡೋ ಮೂರೋ ಬಗೆಯಾಗಿದ್ದರೆ ಸಾಕು. ಒಂದು ಉದಾಹರಣೆಯಿಂದ ಇದನ್ನು ವಿವರಿಸುತ್ತೇವೆ.

ಆರ್. ಕೆ. ನಾರಾಯಣ್ ಅವರ 'ಆನ್ ಅಸ್ಟ್ರಾಲಜರ್ಸ್ ಡೇ' ಎಂಬ ಸಣ್ಣ ಕಥೆಯನ್ನು ಅನೇಕರು ಬಲ್ಲರು. ಮೈಸೂರಿನಲ್ಲಿ ಬಾಳಿದ ಆ ಲೇಖಕರೇ ತಮ್ಮ ವಿಶ್ವವಿದ್ಯಾನಿಲಯ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಅನುತ್ತೀರ್ಣರಾಗಿದ್ದವರೆಂಬುದನ್ನು ನೆನೆದರೆ ನಮ್ಮ ಹುಡುಗರಿಗೆ ಧೈರ್ಯ ಬಂದೀತು. ಮರದಡಿಯಲ್ಲಿ ಕುಳಿತು ಭವಿಷ್ಯ ಹೇಳುವ ಒಬ್ಬನ ಬಳಿಗೆ ರಾತ್ರಿ ಒಬ್ಬ ಅಪರಿಚಿತನು ಬರುತ್ತಾನೆ. ಹಿಂದೊಮ್ಮೆ ತಾನು ಇರಿದು, ಸತ್ತನೆಂದು ತಿಳಿದು ಊರು ಬಿಟ್ಟು ಓಡಿಬಂದದ್ದು ಇವನನ್ನೇ ಎಂದು ಜ್ಯೋತಿಷಿಯು ಗುರುತಿಸುತ್ತಾನೆ. ನಿನ್ನ ವೈರಿಯು ಸತ್ತುಹೋದನು, ಊರಿಗೆ ಹಿಂದಿರುಗು ಎಂದು ಹೇಳಿ ಕಳುಹಿಸುತ್ತಾನೆ.

ಈ ಕಥೆಯನ್ನು ನಾವು ತರಗತಿಯಲ್ಲಿ ನಡೆಸಿದ ಬಗೆ ಹೀಗೆ. ಪಾಠದ ಹಿಂದಿನ ದಿನ ಕಥೆಯಿಂದಾಯ್ದ ಇಪ್ಪತ್ತು ಪದಗಳನ್ನು ಹಲಗೆಯ ಮೇಲೆ ಬರೆದು, ತಿಳಿದವುಗಳನ್ನು ಚೀಟಿಯಲ್ಲಿ ಗುರುತುಮಾಡಿ ಕೊಡಬೇಕೆಂದು ಕೇಳಿದೆವು. ಹತ್ತು ನಿಮಿಷದ ಆ ಕೆಲಸದಿಂದ ಯಾರು ಎಲ್ಲಿದ್ದಾರೆಂಬುದು ಹೊರಬಿದ್ದಿತು. ಬಹಳ ಪದಗಳನ್ನರಿಯದವರಿಗೆ ಕಥೆಯ ಜೊತೆಗೆ ಪದಗಳ ಅರ್ಥವನ್ನೂ, ಮೊದಲನೆಯ ಪುಟದ ತಾತ್ಪರ್ಯವನ್ನು ನಾಲ್ಕು ಸಾಲು ಕನ್ನಡದಲ್ಲಿಯೂ ಕೊಟ್ಟೆವು. ಘಟನೆಗಳನ್ನು ನಡೆದ ಕ್ರಮದಲ್ಲಿ ಜೋಡಿಸುವುದು ಅವರ ಕೆಲಸ. ನಡುವಿನವರಿಗೆ ಅಂಥ ಸಹಾಯವಿಲ್ಲ. ಅವರು ಅಪರಿಚಿತನ ಮಾತುಗಳಿಂದ ಅವನ ಹಿಂದಿನ ಕಥೆಯನ್ನು ತಮ್ಮ ವಾಕ್ಯಗಳಲ್ಲಿ ಬರೆಯಬೇಕು. ಸರಾಗವಾಗಿ ಓದಬಲ್ಲವರು, ಜ್ಯೋತಿಷಿಯ ಗುಟ್ಟನ್ನು ಲೇಖಕರು ಕೊನೆಯವರೆಗೂ ಹೇಗೆ ಮುಚ್ಚಿಟ್ಟರು, ಅದರ ಸುಳಿವನ್ನು ಮೊದಲೇ ಯಾವ ವಾಕ್ಯದಲ್ಲಿ ಬಿಟ್ಟಿದ್ದರು ಎಂದು ಹುಡುಕಬೇಕು. ಇಪ್ಪತ್ತೈದು ನಿಮಿಷಗಳಾದ ಮೇಲೆ ಗುಂಪುಗಳನ್ನು ಕಲೆಸಿ, ಎಲ್ಲರ ಮುಂದೆಯೂ ಒಂದೇ ಪ್ರಶ್ನೆಯನ್ನಿಟ್ಟೆವು: ಜ್ಯೋತಿಷಿಯು ಸುಳ್ಳು ಹೇಳಿದ್ದು ತನ್ನನ್ನು ಉಳಿಸಿಕೊಳ್ಳುವುದಕ್ಕೋ, ಎದುರಿನವನ ಹಗೆಯನ್ನು ಬಿಡಿಸುವುದಕ್ಕೋ?

ಮೊದಲನೆಯ ಗುಂಪಿನಲ್ಲಿದ್ದ ಒಬ್ಬ ಹುಡುಗನು ಎದ್ದು ನಿಂತನು. ಆ ವರ್ಷ ಅವನು ತರಗತಿಯಲ್ಲಿ ಬಾಯಿ ತೆರೆದುದು ಅದೇ ಮೊದಲು. ತಡೆತಡೆದು ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಹೇಳಿದನು. ಎರಡರಲ್ಲಿ ಕ್ರಿಯಾಪದದ ಕಾಲವು ತಪ್ಪಿತ್ತು. ಸುಳ್ಳು ಜ್ಯೋತಿಷಿಯದೇ ಆದರೂ, ಇಷ್ಟು ವರ್ಷ ಊರೂರು ಹುಡುಕುತ್ತಿದ್ದವನನ್ನು ಅದು ಮನೆಗೆ ಕಳುಹಿಸಿತು, ಆದ್ದರಿಂದ ಬಿಡುಗಡೆಯಾದವರು ಇಬ್ಬರು ಎಂಬುದು ಅವನ ಅಭಿಪ್ರಾಯ. ಮುಂದಿನ ಸಾಲಿನ ನಿರರ್ಗಳ ಭಾಷಿಗಳು ಅಂಥ ಮಾತನ್ನು ಹೇಳಿರಲಿಲ್ಲ. ಅವನಲ್ಲಿ ಇಲ್ಲದಿದ್ದುದು ಬುದ್ಧಿಯಲ್ಲ, ಮೂವತ್ತು ಪದಗಳು. ಆ ಪದಗಳನ್ನು ನಾವು ಕೊಟ್ಟಿರದಿದ್ದರೆ ಅವನ ಮೌನವನ್ನು ಮಂದಬುದ್ಧಿಯೆಂದೇ ವರ್ಷಾಂತ್ಯದವರೆಗೂ ಬರೆದುಕೊಳ್ಳುತ್ತಿದ್ದೆವು.

ನಾವು ಮಾಡಿದ ತಪ್ಪೊಂದನ್ನೂ ಇಲ್ಲಿ ಹೇಳಿಬಿಡುವುದು ಯುಕ್ತ. ಇದಕ್ಕೆ ಕೆಲವು ವರ್ಷಗಳ ಹಿಂದೆ, ಬೇರೊಂದು ಕಾಲೇಜಿನಲ್ಲಿ, ಮೊದಲನೆಯ ಪರೀಕ್ಷೆಯ ಅಂಕಗಳನ್ನು ನೋಡಿ ತರಗತಿಯನ್ನು ಎರಡಾಗಿ ಒಡೆದು, ಎರಡು ಕೊಠಡಿಗಳಲ್ಲಿ ವರ್ಷಪೂರ್ತಿ ಪಾಠ ನಡೆಯುವಂತೆ ಏರ್ಪಡಿಸಿದ್ದೆವು. ಕ್ರಮವು ಬಹಳ ವೈಜ್ಞಾನಿಕವೆಂದು ನಮಗೆ ಹೆಮ್ಮೆ. ಒಂದು ತಿಂಗಳೊಳಗೆ ಎರಡನೆಯ ಕೊಠಡಿಗೆ ವಿದ್ಯಾರ್ಥಿಗಳೇ ಒಂದು ಅಡ್ಡಹೆಸರನ್ನಿಟ್ಟಿದ್ದರು. ಅಲ್ಲಿನ ಪಾಠವು ಹಗುರವಾಯಿತು; ಪಾಠದೊಡನೆ ನಮ್ಮ ನಿರೀಕ್ಷೆಯೂ ಹಗುರವಾಯಿತು. ಮೂರು ತಿಂಗಳು ಕಳೆದ ಮೇಲೆ ಒಬ್ಬ ವಿದ್ಯಾರ್ಥಿಯು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, ಆ ಕಡೆಯ ಕೊಠಡಿಗೆ ಹೋಗಬೇಕಾದರೆ ಎಷ್ಟು ಅಂಕ ಬರಬೇಕೆಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಕೆಳಗಿನವರನ್ನು ಕೆಳಗೆ ಕೂಡಿಸುವುದಕ್ಕೆ ನಿಯಮಮಾಡಿದ್ದ ನಾವು, ಅವರು ಮೇಲಕ್ಕೆ ಬರುವುದಕ್ಕೆ ನಿಯಮವನ್ನೇ ಮಾಡಿರಲಿಲ್ಲ. ಗುಂಪುಗಳು ಒಂದು ಪಾಠದ ಮಟ್ಟಿಗೆ ಏರ್ಪಟ್ಟು, ಪಾಠ ಮುಗಿದೊಡನೆ ಕರಗಿಹೋಗಬೇಕೆಂಬ ಪಾಠವನ್ನು ನಾವು ಕಲಿತದ್ದು ಆ ಹುಡುಗನಿಂದ. ಕಥೆಯನ್ನೋದುವಾಗ ಮೊದಲನೆಯ ಮೆಟ್ಟಿಲಿನಲ್ಲಿದ್ದವನು, ಅಂಕಿ ಅಂಶಗಳ ಪಟ್ಟಿಯನ್ನು ವಿವರಿಸುವ ಪಾಠದಲ್ಲಿ ಮೂರನೆಯದರಲ್ಲಿರುವುದು ಅಪರೂಪವಲ್ಲ.

ಇನ್ನು ಪ್ರಯೋಜನದ ವಿಚಾರ. ಷಿಕಾಗೊ ವಿಶ್ವವಿದ್ಯಾನಿಲಯದ ಬೆಂಜಮಿನ್ ಬ್ಲೂಮ್ ಅವರು 1984ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಹೇಳಿಕೊಟ್ಟಾಗ ಸಾಧಾರಣ ವಿದ್ಯಾರ್ಥಿಯೂ, ರೂಢಿಯ ತರಗತಿಯಲ್ಲಿ ಕಲಿತ ನೂರು ಮಂದಿಯಲ್ಲಿ 98 ಮಂದಿಯನ್ನು ಮೀರಿಸುತ್ತಾನೆಂದು ಅವರು ಬರೆದರು. ಈ ಮಾತು ಲೋಕದಲ್ಲೆಲ್ಲ ಹರಡಿತು. ಆದರೆ ವ್ಯಾನ್‌ಲೆನ್ ಎಂಬವರು ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಪ್ರಯೋಜನವು ಅದರ ಅರ್ಧಕ್ಕಿಂತಲೂ ಕಡಿಮೆ. ಸಾಧಾರಣ ವಿದ್ಯಾರ್ಥಿಯು ನೂರರಲ್ಲಿ ಸುಮಾರು 78 ಮಂದಿಯನ್ನು ಮೀರಿಸುವಷ್ಟು. ಅದೂ ಅಲ್ಪವಲ್ಲ. ನಮ್ಮ ದೇಶದ ಸಾಕ್ಷ್ಯವೂ ಉಂಟು. ಮುಂಬಯಿ ಮತ್ತು ವಡೋದರ ನಗರಗಳ ಪ್ರಾಥಮಿಕ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನದ ಸ್ವಲ್ಪ ಹೊತ್ತು ಬೇರೆ ಕೂಡಿಸಿ, ಅವರ ಮಟ್ಟದ ಓದನ್ನೂ ಲೆಕ್ಕವನ್ನೂ ಕಲಿಸುವ ಏರ್ಪಾಡನ್ನು ಪ್ರಥಮ್ ಸಂಸ್ಥೆಯು ನಡೆಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಅದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದುವು. ಅತಿ ಹೆಚ್ಚು ಏರಿದವರು ಎಲ್ಲರಿಗಿಂತ ಕೆಳಗಿದ್ದವರೇ. ಕಾರ್ಯಕ್ರಮವು ಮುಗಿದು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದಲ್ಲಿ ಹೆಚ್ಚು ಭಾಗವು ಕರಗಿತೆಂಬುದನ್ನೂ ಅವರೇ ತಿಳಿಸಿದ್ದಾರೆ.

ಇವು ಕಾಲೇಜಿನ ಇಂಗ್ಲಿಷ್ ತರಗತಿಗಳ ವಿಷಯವಲ್ಲವೆಂಬ ಆಕ್ಷೇಪಣೆ ನ್ಯಾಯವಾದುದು. ಪ್ರೌಢಶಾಲೆಗಳ ಮಟ್ಟದಲ್ಲಿ ಅನುಗುಣ ಬೋಧನೆಯ ಬಗ್ಗೆ ನಡೆದ ಸಂಶೋಧನೆಗಳನ್ನು 2019ರಲ್ಲಿ ಸಮೀಕ್ಷಿಸಿದ ನೆದರ್ಲೆಂಡಿನ ವಿದ್ವಾಂಸರಿಗೆ ವಿಶ್ವಾಸಾರ್ಹವಾಗಿ ಕಂಡ ಪ್ರಬಂಧಗಳು 14 ಮಾತ್ರ. ಅವುಗಳಲ್ಲಿ ಬಹುಪಾಲು ಪ್ರಯೋಜನವನ್ನೇ ತೋರಿಸಿದುವು, ಪ್ರಮಾಣವು ಒಂದೊಂದರಲ್ಲಿ ಒಂದೊಂದು ಬಗೆ. ಆದ್ದರಿಂದ ಇದನ್ನು ಸರ್ವರೋಗ ನಿವಾರಕ ಔಷಧವೆಂದು ಹೇಳುವವರನ್ನು ನಂಬಬಾರದು. ವಿದ್ಯಾರ್ಥಿಯ ಮಟ್ಟವನ್ನು ತಿಳಿದು, ಅದಕ್ಕಿಂತ ಒಂದು ಹೆಜ್ಜೆ ಮೇಲಿನದನ್ನು ಕೊಟ್ಟು, ಅವನು ಹತ್ತಿದನೋ ಇಲ್ಲವೋ ಎಂದು ಮತ್ತೆ ನೋಡಿದರೆ ಫಲವುಂಟು. ನೋಡದೆ ಗುಂಪುಮಾಡಿದರೆ ಫಲವಿಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಆ ಮೇಲಿನ ಹೆಜ್ಜೆ ಎಷ್ಟು ಎತ್ತರವಿರಬೇಕು? 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯ ಹೊಸ ಪ್ರಯೋಗವೊಂದು ನಡೆದು, ಬೆಂಗಳೂರು ಯೋಜನೆಯೆಂದು ಹೊರದೇಶಗಳಲ್ಲಿಯೂ ಹೆಸರಾಯಿತು. ಅದರ ಮುಖ್ಯಸ್ಥರಾದ ಎನ್. ಎಸ್. ಪ್ರಭು ಅವರು ಒಂದು ಸುಲಭ ಅಳತೆಯನ್ನು ಕೊಟ್ಟಿದ್ದಾರೆ: ತರಗತಿಯಲ್ಲಿ ಸುಮಾರು ಅರ್ಧ ಮಂದಿಯಾದರೂ ಕೊಟ್ಟ ಕೆಲಸದಲ್ಲಿ ಅರ್ಧದಷ್ಟನ್ನಾದರೂ ಮಾಡಿ ಗೆದ್ದರೆ ಅದು ತಕ್ಕ ಕೆಲಸ. ಎಲ್ಲರೂ ಎಲ್ಲವನ್ನೂ ಮಾಡಿಬಿಟ್ಟರೆ ಕಲಿತದ್ದೇನೂ ಇಲ್ಲ. ಯಾರಿಂದಲೂ ಆಗದಿದ್ದರೆ ಕಲಿಸಿದ್ದೇನೂ ಇಲ್ಲ.

ಅಧ್ಯಾಪಕನ ಕಷ್ಟವನ್ನು ನಾವು ಮರೆತಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಗಳಂತೆ ಸಹಾಯಕ ಪ್ರಾಧ್ಯಾಪಕನು ವಾರಕ್ಕೆ 16 ಗಂಟೆ ಪಾಠ ಹೇಳಬೇಕು. ಉತ್ತರಪತ್ರಿಕೆಗಳ ಕಟ್ಟು ಬೇರೆ. ಆದ್ದರಿಂದ ಎಲ್ಲ ಪಾಠಗಳನ್ನೂ ಒಮ್ಮೆಗೇ ಬದಲಾಯಿಸಲು ಹೊರಡುವುದು ಬೇಡ. ವಾರಕ್ಕೆ ಒಂದು ಪಾಠಕ್ಕೆ ಎರಡು ಮೆಟ್ಟಿಲು ಕಟ್ಟಿದರೂ ವರ್ಷದ ಕೊನೆಗೆ ದೊಡ್ಡ ಭಂಡಾರವಾಗುತ್ತದೆ. ಬಲ್ಲವರಿಂದ ಅರಿಯದವರಿಗೆ ಹೇಳಿಸುವ ಕೂಲಿಮಠದ ಉಪಾಯವೂ ಇದೆ. ಆದರೆ ಅದು ಮುಂದಿರುವವರ ಹೊತ್ತನ್ನೆಲ್ಲ ತಿನ್ನಬಾರದು. ಅವರಿಗೂ ಹತ್ತಲು ಮೆಟ್ಟಿಲು ಬೇಕು. ಇದಕ್ಕಿಂತ ಹೆಚ್ಚಿನ ಅಡ್ಡಿಯೆಂದರೆ ಪರೀಕ್ಷೆ. ಬಾಯಿಪಾಠಕ್ಕೆ ಅಂಕ ಕೊಡುವ ಪ್ರಶ್ನಪತ್ರಿಕೆಯು ಇರುವವರೆಗೂ ತರಗತಿಯಲ್ಲಿ ಏನು ಕಲಿತರೂ ಅದು ಅಂಕಪಟ್ಟಿಯಲ್ಲಿ ಕಾಣಿಸದು. ಹಿಂದೆ ಓದಿರದ ಪುಟವೊಂದನ್ನು ಕೊಟ್ಟು ಅರ್ಥವನ್ನು ಕೇಳುವ ಪ್ರಶ್ನೆಯು ಪ್ರತಿ ಪತ್ರಿಕೆಯಲ್ಲಿಯೂ ಹೆಚ್ಚಿನ ಸ್ಥಾನವನ್ನು ಪಡೆಯಬೇಕು.

ಢಾಕಾದಲ್ಲಿ ಅಧ್ಯಾಪಕರ ಶಿಕ್ಷಣದಲ್ಲಿ ತೊಡಗಿದ್ದ ಮೈಕೇಲ್ ವೆಸ್ಟ್ ಅವರು, ಬಂಗಾಳದ ಇಂಗ್ಲಿಷ್ ಕಲಿಕೆಯನ್ನು ಕುರಿತು 1926ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ವಿಮಾ ಕಂಪೆನಿಗಳಿಂದ ಒಂದು ಮಾತನ್ನು ಎರವಲು ತಂದರು. ಕಂತು ಕಟ್ಟುವುದನ್ನು ನಡುವೆ ನಿಲ್ಲಿಸಿದವನಿಗೂ ಸ್ವಲ್ಪ ಹಣ ಹಿಂದಕ್ಕೆ ಬರುತ್ತದೆಯಷ್ಟೆ. ಹಾಗೆಯೇ ಓದನ್ನು ನಡುವೆ ನಿಲ್ಲಿಸಿದ ವಿದ್ಯಾರ್ಥಿಯ ಕೈಯಲ್ಲಿ ಏನು ಉಳಿಯುತ್ತದೆಂದು ಅವರು ಕೇಳಿದರು. ನಮ್ಮ ಕಾಲೇಜುಗಳ ಇಂಗ್ಲಿಷ್ ತರಗತಿಗಳಿಗೂ ಈ ಪ್ರಶ್ನೆಯನ್ನು ಹಾಕಬೇಕಾಗಿದೆ. ಕೊನೆಯ ಸಾಲಿನ ಹುಡುಗನು ಮುಂದೆ ಇಂಗ್ಲಿಷ್ ಸಾಹಿತ್ಯವನ್ನು ಓದದೆ ಹೋಗಬಹುದು. ಆದರೆ ಒಂದು ಕರಾರು ಪತ್ರವನ್ನು, ಔಷಧದ ಸೀಸೆಯ ಮೇಲಿನ ಬರಹವನ್ನು, ತನ್ನ ವೃತ್ತಿಯ ಪುಸ್ತಕವೊಂದನ್ನು ಇನ್ನೊಬ್ಬರ ಕೈಗೆ ಕೊಡದೆ ತಾನೇ ಓದಿಕೊಳ್ಳುವಂತಾದರೆ, ಅವನು ಕಟ್ಟಿದ ಕಂತು ವ್ಯರ್ಥವಾಗಲಿಲ್ಲ. ಅದನ್ನು ಅವನಿಗೆ ದೊರಕಿಸುವುದಕ್ಕಾಗಿ ಮುಂದಿನ ಸಾಲಿನ ಹುಡುಗಿಯನ್ನು ನಿಲ್ಲಿಸಬೇಕಾದ ಅವಶ್ಯಕತೆಯೂ ಇಲ್ಲ. ನಾಳಿನ ಪಾಠಕ್ಕೆ ಹೋಗುವ ಅಧ್ಯಾಪಕರು, ಪುಸ್ತಕವನ್ನು ತೆರೆಯುವ ಮೊದಲು ಹತ್ತು ನಿಮಿಷ ಮೀಸಲಿಟ್ಟು, ಯಾರು ಎಲ್ಲಿದ್ದಾರೆಂದು ಒಂದು ಚೀಟಿಯಲ್ಲಿ ಕೇಳಿ ನೋಡಲಿ ಎಂದು ನಮ್ಮ ಪ್ರಾರ್ಥನೆ.